ಗೋಡೆ ಒಣಗಲಿ, ಬಣ್ಣ ಆಮೇಲೆ

ಪ್ರಶ್ನೆ: ನಮ್ಮದು ಅರಸೀಕೆರೆ ತಾಲ್ಲೂಕು, ಜಾವಗಲ್ ಕಡೆಯ ಒಂದು ಹಳ್ಳಿ. ಮನೆ ಮಾವನವರ ಕಾಲದ್ದು. ನಡುಮನೆ, ದೇವರ ಕೋಣೆಗಳಿಗೆ ಮಣ್ಣಿನ ಗೋಡೆ, ಇವತ್ತಿಗೂ ಸುಣ್ಣವೇ. ಮುಂದಿನ ಹಾಲ್ ಮಾತ್ರ ನಾನು ಸೊಸೆಯಾಗಿ ಬಂದ ಮೇಲೆ ಇಟ್ಟಿಗೆ ಸಿಮೆಂಟಿನಲ್ಲಿ ಕಟ್ಟಿಸಿದ್ದು. ಮಾಘದಲ್ಲಿ ಮಗಳ ನಿಶ್ಚಿತಾರ್ಥ, ಮನೆಯಲ್ಲೇ ಇಟ್ಟುಕೊಂಡಿದ್ದೇವೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ, "ಮನೆಗೆಲ್ಲ ಟೆಕ್ಸ್ಚರ್ ಪೇಂಟ್ ಮಾಡಿಸೋಣ, ಖರ್ಚು ನನಗಿರಲಿ" ಎಂದು ಹಟ ಹಿಡಿದಿದ್ದಾನೆ. ಹಾಲ್‌ನ ಪಶ್ಚಿಮದ ಗೋಡೆಯ ಹಿಂದೆ ಬಚ್ಚಲಿದೆ. ಆ ಗೋಡೆ ಮೊಣಕಾಲೆತ್ತರಕ್ಕೆ ವರ್ಷ ವರ್ಷವೂ ಉಬ್ಬಿ, ಬಿಳಿ ಪುಡಿ ಬಿಡುತ್ತದೆ. ಅರಸೀಕೆರೆಯಿಂದ ಬಂದು ನೋಡಿದ ಪೇಂಟರ್, "ಟೆಕ್ಸ್ಚರ್ ಹೊಡೆದರೆ ಎಲ್ಲಾ ಮುಚ್ಚಿಹೋಗುತ್ತೆ ಬಿಡಿ ಅಮ್ಮ" ಅಂದ. ಆದರೆ ಬೇಲೂರಿನಲ್ಲಿ ನಮ್ಮ ನಾದಿನಿ ಹೊಸ ಮನೆಗೆ ಹೀಗೇ ಮಾಡಿಸಿ, ಒಂದೇ ಮಳೆಗಾಲಕ್ಕೆ ಗೋಡೆಯ ಮೇಲೆ ಕಪ್ಪು ಬೂಷ್ಟು ಬಂತು. ಅತ್ತೆಯವರಿಗೆ ಉಬ್ಬಸವಿದೆ, ಧೂಳು ಆಗುವುದಿಲ್ಲ. ಗುಡಿಸಿ ಒರೆಸುವವಳು ನಾನೇ. ಬೇಡವೆಂದರೆ "ನೀನು ಹಳೇ ಕಾಲದವಳು" ಅನ್ನುತ್ತಾರೆ, ಯಜಮಾನರು ಏನೂ ಹೇಳುವುದಿಲ್ಲ. ನನ್ನ ಭಯ ಸುಮ್ಮನೆಯೇ? ನಾನು ಏನು ಹೇಳಲಿ?

– ಹೆಸರು ಬೇಡ, ಅರಸೀಕೆರೆ ತಾಲ್ಲೂಕು

ಉತ್ತರ: ಅಮ್ಮಾ, ನಿಮ್ಮ ಭಯ ಸುಮ್ಮನೆಯದಲ್ಲ. ಆ ಮನೆಯ ಗೋಡೆಗಳನ್ನು ದಿನವೂ ಕೈಯಲ್ಲಿ ಮುಟ್ಟಿ ನೋಡುತ್ತಿರುವವರು ನೀವು. ಪೇಂಟರ್ ಬಂದು ಹೋದ ಅರ್ಧ ಗಂಟೆಯಲ್ಲಿ ಕಾಣದ್ದು ನಿಮಗೆ ಕಂಡಿದೆ. ಹಾಗೆಂದು ಮಗನ ಆಸೆಗೆ ಪೂರ್ತಿ ಇಲ್ಲ ಅನ್ನಬೇಕಾಗಿಯೂ ಇಲ್ಲ. ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಹಾಲ್‌ನಲ್ಲಿ ಒಣಗಿರುವ ಒಂದೇ ಒಂದು ಗೋಡೆಗೆ ಟೆಕ್ಸ್ಚರ್ ಮಾಡಿಸಿ. ಬಚ್ಚಲ ಕಡೆಯ ಗೋಡೆಗೆ ಈ ವರ್ಷ ಬೇಡವೇ ಬೇಡ. ನಡುಮನೆ, ದೇವರ ಕೋಣೆಯ ಮಣ್ಣಿನ ಗೋಡೆಗಳಿಗೆ ಈ ವರ್ಷವೂ ಬೇಡ, ಮುಂದೆಯೂ ಬೇಡ. ಅವಕ್ಕೆ ಸುಣ್ಣವೇ ಸರಿ.

ಟೆಕ್ಸ್ಚರ್ ಏನನ್ನು ಮುಚ್ಚುತ್ತದೆ, ಏನನ್ನು ಮುಚ್ಚುವುದಿಲ್ಲ

ಟೆಕ್ಸ್ಚರ್ ಎಂದರೆ ದಪ್ಪನೆಯ ಬಣ್ಣ. ಅಕ್ರಿಲಿಕ್ ಅಂಟಿನಲ್ಲಿ ಕಲ್ಲಿನ ಪುಡಿ, ಸಣ್ಣ ಮರಳಿನ ಕಣ ಬೆರೆಸಿ ಹದ ಮಾಡಿದ ಮುದ್ದೆ. ಅದನ್ನು ಗೋಡೆಗೆ ಹಚ್ಚಿ, ಹಸಿಯಿರುವಾಗಲೇ ರೋಲರ್, ಕರಣೆ, ಬಾಚಣಿಗೆ, ಸ್ಪಂಜುಗಳಿಂದ ಏರು ತಗ್ಗು ಎಬ್ಬಿಸುತ್ತಾರೆ. ಮುದ್ದೆಯಿಲ್ಲದೆ, ಎರಡು ಬಣ್ಣಗಳನ್ನು ಒಂದರ ಮೇಲೊಂದು ಹಚ್ಚಿ ಬಟ್ಟೆಯಿಂದಲೋ ಸ್ಪಂಜಿನಿಂದಲೋ ಒತ್ತಿ, ಕಣ್ಣಿಗೆ ಮಾತ್ರ ಒರಟಾಗಿ ಕಾಣುವಂತೆ ಮಾಡುವ ಬಗೆಯೂ ಇದೆ. ಅಂಗಡಿಯ ಕ್ಯಾಟಲಾಗಿನಲ್ಲಿ ಎರಡೂ ಒಂದೇ ಹೆಸರಿನಡಿ ಇರುತ್ತವೆ. ಆದರೆ ನಿಮ್ಮ ಮನೆಯ ಮಟ್ಟಿಗೆ ಎರಡಕ್ಕೂ ಬಹಳ ವ್ಯತ್ಯಾಸವಿದೆ, ಮುಂದೆ ಹೇಳುತ್ತೇನೆ.

ಗಾರೆಯವನ ಕೈ ನಡುಗಿ ಎಲ್ಲೋ ಉಬ್ಬು, ಎಲ್ಲೋ ತಗ್ಗು ಉಳಿದಿದ್ದರೆ ಟೆಕ್ಸ್ಚರ್ ಅದನ್ನು ಚೆನ್ನಾಗಿ ಮರೆಸುತ್ತದೆ. ಕೂದಲೆಳೆಯ ಬಿರುಕೂ ಮುಚ್ಚಿಹೋಗುತ್ತದೆ. ಪೇಂಟರ್ ಹೇಳಿದ್ದರಲ್ಲಿ ಇಷ್ಟು ನಿಜ. ಆದರೆ ನೀರು ಮುಚ್ಚಿಹೋಗುವುದಿಲ್ಲ. ನಿಮ್ಮ ಪಶ್ಚಿಮದ ಗೋಡೆಯೊಳಗೆ ನೀರು ನಡೆದಾಡುತ್ತಿದೆ. ಅದು ಇಟ್ಟಿಗೆ, ಸಿಮೆಂಟು, ಮಣ್ಣಿನಲ್ಲಿರುವ ಉಪ್ಪನ್ನು ಕರಗಿಸಿಕೊಂಡು ಹೊರಮೈಗೆ ಬರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಹರಳುಗಟ್ಟಿ ಉಳಿಯುತ್ತದೆ. ನೀವು ಕಂಡ ಬಿಳಿ ಪುಡಿ ಅದೇ, ನಮ್ಮ ಕಡೆ ಚೌಳು ಅನ್ನುತ್ತೇವೆ. ಹರಳು ಬೆಳೆಯುವಾಗ ಅದರ ಬಲ ಸಣ್ಣದಲ್ಲ. ಬಣ್ಣದ ಪದರವನ್ನಷ್ಟೇ ಅಲ್ಲ, ಗಾರೆಯನ್ನೂ ಹಕ್ಕಳೆ ಹಕ್ಕಳೆಯಾಗಿ ಎಬ್ಬಿಸುತ್ತದೆ. ಇದರ ಮೇಲೆ ದಪ್ಪ ಮುದ್ದೆ ಬಳಿದರೆ ತೇವ ಆರುವ ದಾರಿ ಇನ್ನಷ್ಟು ಇಕ್ಕಟ್ಟಾಗುತ್ತದೆ. ಮೊಣಕಾಲೆತ್ತರದಲ್ಲಿದ್ದದ್ದು ಸೊಂಟದೆತ್ತರಕ್ಕೆ ಏರಬಹುದು. ತೆಳು ಬಣ್ಣ ಉದುರಿದರೆ ಕೆರೆದು ಮತ್ತೆ ಬಳಿಯಬಹುದು. ಟೆಕ್ಸ್ಚರ್ ಉದುರಿದರೆ ಅಂಗೈಯಗಲದ ಚಕ್ಕೆಗಳಾಗಿ, ಗಾರೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಆ ಜಾಗಕ್ಕೆ ತೇಪೆ ಹಾಕಿದರೆ ಮೊದಲಿನ ಕೈಯ ಮಾದರಿ ಮತ್ತೆ ಕೂಡುವುದು ಕಷ್ಟ.

ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ತಿಳಿಯಿರಿ

ಕಲೆಯ ಆಕಾರ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಗೋಡೆಯ ಉದ್ದಕ್ಕೂ ನೆಲದಿಂದ ಒಂದೇ ಎತ್ತರಕ್ಕೆ ಪಟ್ಟಿ ಕಟ್ಟಿದ್ದರೆ ನೆಲದ ತೇವ ಮೇಲೇರುತ್ತಿದೆ, ಪಾಯದ ಮೇಲೆ ತೇವ ತಡೆಯುವ ಪದರ ಇಲ್ಲ ಅಥವಾ ಕೆಟ್ಟಿದೆ. ಬಚ್ಚಲಿನ ನಲ್ಲಿಯ ಹಿಂದೆ, ನೀರು ಹೋಗುವ ಕಂಡಿಯ ನೇರಕ್ಕೆ ಮಾತ್ರ ಕಲೆ ದಟ್ಟವಾಗಿದ್ದರೆ ಪೈಪು ಅಥವಾ ಟೈಲ್ಸಿನ ಸಂದು ಸೋರುತ್ತಿದೆ. ಮೇಲಿನಿಂದ ಕೆಳಗಿಳಿದು, ಮಳೆ ಬಂದ ಮರುದಿನ ಹೆಚ್ಚಾದರೆ ಅದು ಚಾವಣಿಯ ತೊಂದರೆ. ನಿಮ್ಮ ಕಾಗದ ನೋಡಿದರೆ ಮೊದಲೆರಡರಲ್ಲಿ ಒಂದಿರಬೇಕು, ಎರಡೂ ಇದ್ದರೂ ಇರಬಹುದು.

ಇನ್ನೊಂದು ಪರೀಕ್ಷೆಗೆ ಕಾಸು ಬೇಕಿಲ್ಲ. ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಗೋಡೆಗೆ ಅಂಟಿಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಅಗಲ ಟೇಪು ಹಾಕಿ. ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ, ಗೋಡೆಯ ಕಡೆ, ಹನಿ ಕಟ್ಟಿದ್ದರೆ ಅಥವಾ ಅಷ್ಟು ಜಾಗ ಸುತ್ತಲಿಗಿಂತ ಕಪ್ಪಾಗಿದ್ದರೆ ಗೋಡೆಯೊಳಗೆ ತೇವವಿದೆ. ಹನಿ ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಸಾಕು. ಹಾಲ್‌ನ ನಾಲ್ಕೂ ಗೋಡೆಗಳಿಗೆ ಒಂದೊಂದು ಹಾಳೆ ಅಂಟಿಸಿ. ಅಂಟಿಸುವ ಕೆಲಸ ಮಗನಿಂದಲೇ ಮಾಡಿಸಿ, ಬೆಳಗ್ಗೆ ಬಿಚ್ಚುವಾಗ ಯಜಮಾನರೂ ಅಲ್ಲಿರಲಿ. ನೀವು ಹತ್ತು ಸಲ ಹೇಳಿದರೂ ಕೇಳದವರು ಆ ಹನಿಗಳನ್ನು ನೋಡಿ ಕೇಳುತ್ತಾರೆ.

ಬಚ್ಚಲು ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ನಲ್ಲಿಯ ಕೀಲು, ನೆಲದ ಕಂಡಿ, ಟೈಲ್ಸಿನ ಸಂದುಗಳನ್ನು ಪ್ಲಂಬರ್‌ಗೆ ತೋರಿಸಿ. ಹಾಲ್ ಕಡೆಯಲ್ಲಿ ಕೆಟ್ಟ ಗಾರೆಯನ್ನು, ಕಲೆ ಮುಟ್ಟಿದ ಎತ್ತರಕ್ಕಿಂತ ಒಂದಡಿ ಮೇಲಿನವರೆಗೂ ಕೆತ್ತಿಸಿ, ಇಟ್ಟಿಗೆ ಕಾಣುವಂತೆ ಬಿಡಿ. ಚೌಳನ್ನು ಒಣ ಬ್ರಷ್ಷಿನಿಂದ ಉದುರಿಸಿ ಆಚೆ ಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಕಾಯಬೇಕು. ಎಷ್ಟು ದಿನ? ನೆನೆದ ಇಟ್ಟಿಗೆ ಗೋಡೆ ಒಣಗಲು ಇಂಚಿಗೆ ಒಂದು ತಿಂಗಳು ಎಂಬುದು ಕಟ್ಟಡದವರ ಸ್ಥೂಲ ಲೆಕ್ಕ. ಒಂಬತ್ತು ಇಂಚಿನ ಗೋಡೆಯಾದರೆ ಸುಮಾರು ಒಂಬತ್ತು ತಿಂಗಳು. ನಿಮ್ಮ ಗೋಡೆಗೆ ಬಚ್ಚಲ ಕಡೆ ಟೈಲ್ಸ್ ಇದ್ದರೆ ತೇವ ಆರಲು ಹಾಲ್ ಕಡೆಯೊಂದೇ ದಾರಿ.

ಇದು ನಿಮ್ಮ ಮನೆಯವರಿಗೆ ಹೊಸ ಮಾತೇನಲ್ಲ. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಯ ನೀರು ತಾನಾಗಿ ಇಂಗಿ, ಒಳಗೆ ಗಿಟುಕು ಕಳಚಿ ಕುಲುಕುವ ತನಕ ಹತ್ತು ಹನ್ನೆರಡು ತಿಂಗಳು ಯಾರೂ ಮುಟ್ಟುವುದಿಲ್ಲ, ಅವಸರಕ್ಕೆ ಒಡೆದರೆ ಬೆಲೆ ಸಿಗುವುದಿಲ್ಲ. ಗೋಡೆಗೂ ಅಷ್ಟೇ ತಾಳ್ಮೆ ಕೊಡಿ.

ಹಾಗಾದರೆ ನಿಶ್ಚಿತಾರ್ಥಕ್ಕೆ ಏನು ಮಾಡುವುದು? ಈಗಲೇ ಗೋಡೆ ಕೆತ್ತಿಸಿದರೆ ಆ ಹೊತ್ತಿಗೆ ಇಟ್ಟಿಗೆ ಕಾಣುತ್ತಿರುತ್ತದೆ. ಅದಕ್ಕೇ ಎರಡು ಹಂತ ಮಾಡಿ. ಈಗ ಸೋರಿಕೆ ನಿಲ್ಲಿಸಿ, ಸಡಿಲವಾದದ್ದನ್ನು ಮಾತ್ರ ಕೆರೆದು, ಒಣ ಬ್ರಷ್ಷಿನಿಂದ ಉಜ್ಜಿ, ಆ ಗೋಡೆಗೆ ಬರೀ ಸುಣ್ಣ ಬಳಿಸಿ. ಸುಣ್ಣದ ಮೂಲಕ ತೇವ ಆರುತ್ತದೆ. ನಾಲ್ಕು ಚಕ್ಕೆ ಉದುರಿದರೂ ಹಿಂದಿನ ದಿನ ಮತ್ತೊಂದು ಕೈ ಬಳಿದರಾಯಿತು. ಆ ಗೋಡೆಗೆ ಬೀರು, ಸೋಫಾ ಒತ್ತಿಡಬೇಡಿ, ಗಾಳಿಯಾಡಲಿ. ಕೆತ್ತುವುದು, ಒಣಗಿಸುವುದು, ಹೊಸ ಗಾರೆ ಹಾಕುವುದು ಇವೆಲ್ಲ ನಿಶ್ಚಿತಾರ್ಥ ಮುಗಿದ ವಾರವೇ ಶುರುವಾಗಲಿ. ಮುಂದೆ ಬಿಸಿಲುಗಾಲ ಬರುವುದರಿಂದ ಗೋಡೆ ಒಣಗಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಮಣ್ಣಿನ ಗೋಡೆಗೆ ಸುಣ್ಣವೇ ಯಾಕೆ

ನಿಮ್ಮ ನಡುಮನೆಯ ಮಣ್ಣಿನ ಗೋಡೆ ಮಳೆಗಾಲದಲ್ಲಿ ಗಾಳಿಯ ತೇವವನ್ನು ಸ್ವಲ್ಪ ಹೀರಿಕೊಂಡು ಬಿಸಿಲಿನಲ್ಲಿ ಬಿಟ್ಟುಕೊಡುತ್ತದೆ. ಬೇಸಿಗೆಯ ಮಧ್ಯಾಹ್ನವೂ ಆ ಕೋಣೆ ತಂಪಾಗಿರಲು ಗೋಡೆಯ ದಪ್ಪ ಒಂದು ಕಾರಣ, ಈ ಉಸಿರಾಟ ಇನ್ನೊಂದು. ಸುಣ್ಣ ಈ ಗೋಡೆಗೆ ಹೊಂದುವುದು ಅದರ ಸ್ವಭಾವದಿಂದಲೇ. ಬಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ, ಆದರೂ ಅದರಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಹೊಸ ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಪುಟ್ಟಿ, ಪ್ರೈಮರ್, ಟೆಕ್ಸ್ಚರ್ ಎಂದು ಮೂರು ಪದರ ಕೂಡಿಸಿದರೆ ಗೋಡೆಯ ರಂಧ್ರಗಳು ಮುಚ್ಚುತ್ತವೆ. ಒಳಗೆ ಉಳಿದ ತೇವ ಮಣ್ಣನ್ನೇ ಮೆತ್ತಗೆ ಮಾಡುತ್ತದೆ. ಅದೂ ಅಲ್ಲದೆ ಹಳೆಯ ಸುಣ್ಣದ ಪದರಗಳ ಮೇಲೆ ಅಕ್ರಿಲಿಕ್ ಬಣ್ಣ ಹಿಡಿಯುವುದಿಲ್ಲ. ಅಂಗೈಯಿಂದ ಗೋಡೆ ಸವರಿದಾಗ ಬಿಳಿ ಹತ್ತಿದರೆ ಬಣ್ಣ ಹಿಡಿದುಕೊಳ್ಳುವುದು ಆ ಪುಡಿಯನ್ನು, ಗೋಡೆಯನ್ನಲ್ಲ. "ಮೊದಲು ಸಿಮೆಂಟ್ ಗಾರೆ ಹಾಕಿ ಆಮೇಲೆ ಟೆಕ್ಸ್ಚರ್ ಮಾಡೋಣ" ಎಂದು ಯಾರಾದರೂ ಹೇಳಿದರೂ ಒಪ್ಪಬೇಡಿ. ಮಣ್ಣು ಹಿಗ್ಗಿ ಕುಗ್ಗುವ ರೀತಿ ಬೇರೆ, ಸಿಮೆಂಟಿನದು ಬೇರೆ. ಕೆಲವು ವರ್ಷದಲ್ಲಿ ಸಿಮೆಂಟ್ ಪದರ ಬಿಟ್ಟುಕೊಂಡು ಟೊಳ್ಳು ಸದ್ದು ಮಾಡುತ್ತದೆ.

ಮಗನಿಗೆ ಒರಟು ಗೋಡೆಯ ಚೆಲುವು ಬೇಕಿದ್ದರೆ ನಡುಮನೆಯಲ್ಲಿ ಅದು ಈಗಾಗಲೇ ಇದೆ. ಅಂಗೈಯಲ್ಲಿ ಸವರಿ ಎಳೆದ ಮಣ್ಣಿನ ಸಾರಣೆಯ ಅಲೆಗಳ ಮೇಲೆ ಎಷ್ಟೋ ವರ್ಷದ ಸುಣ್ಣ ಕೂತಿದೆ. ಪೇಟೆಯಲ್ಲಿ ಇದನ್ನೇ ಅನುಕರಿಸಿ ದುಬಾರಿ ಬೆಲೆಗೆ ಮಾಡಿಸಿಕೊಳ್ಳುತ್ತಾರೆ. ಬಿದ್ದ ಮಣ್ಣನ್ನು ಮಣ್ಣಿನಲ್ಲೇ ಮೆತ್ತಿಸಿ, ಒಣಗಿದ ಮೇಲೆ ಸುಣ್ಣ ಮಾಡಿಸಿ. ಸುಣ್ಣವನ್ನು ಕೆಲವು ದಿನ ಮುಂಚೆಯೇ ಅರಳಿಸಿ ನೆನೆಯಲು ಬಿಡಿ, ಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತೆಳ್ಳಗೆ ಕಲಸಿ, ಸ್ವಲ್ಪ ಗೋಂದು ಸೇರಿಸಿ. ಗೋಡೆಗೆ ನೀರು ಚಿಮುಕಿಸಿ ಬಳಿಯಿರಿ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಮೂರು ಸಲ ಬಳಿದರೆ ಉದುರುವುದು ಕಡಿಮೆ. ಕೆಳಗೆ ಒಂದು ಮೊಳ ಕೆಮ್ಮಣ್ಣಿನ ಪಟ್ಟಿ ಎಳೆದರೆ ನೋಡಲೂ ಚಂದ, ನೆಲ ಒರೆಸುವಾಗ ಸಿಡಿದ ಕಲೆಯೂ ಕಾಣದು. ಸುಣ್ಣ ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳನ್ನು ದೂರವಿಡಿ, ಬಳಿಯುವವರು ಕನ್ನಡಕ ಹಾಕಿಕೊಳ್ಳಲಿ.

ನಾದಿನಿಯ ಮನೆಯಲ್ಲಿ ಏನಾಯಿತು

ಹೊಸ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಒಂದೇ ಕಥೆ. ಗೃಹಪ್ರವೇಶದ ಮುಹೂರ್ತ ಗೊತ್ತಾಗಿರುತ್ತದೆ, ಗಾರೆ ಹಾಕಿ ನೀರುಣಿಸಿ ಮುಗಿಯುವ ಹೊತ್ತಿಗೆ ಪೇಂಟರ್ ಬಂದಿರುತ್ತಾನೆ. ಹೊಸ ಸಿಮೆಂಟ್ ಗಾರೆ ಗಟ್ಟಿಯಾಗಲು 28 ದಿನ ಎಂಬುದು ವಾಡಿಕೆಯ ಲೆಕ್ಕ. ಗಟ್ಟಿಯಾಗುವುದೇ ಬೇರೆ, ಒಣಗುವುದೇ ಬೇರೆ. ಬೇಲೂರು ಮಲೆನಾಡಿನ ಅಂಚಿನ ಊರು, ಅರಸೀಕೆರೆ ಬಯಲುಸೀಮೆ. ಒಂದೇ ಜಿಲ್ಲೆಯಾದರೂ ಮಳೆಯಲ್ಲಿ ಬಹಳ ಅಂತರ. ಅಲ್ಲಿ ಮುಂಗಾರು ಹಿಡಿದು ಕೂತಾಗ ಬಾಗಿಲು ಕಿಟಕಿ ಮುಚ್ಚಿದ ಮನೆಯೊಳಗೆ ಅಡುಗೆಯ ಹಬೆ, ಒಣಹಾಕಿದ ಬಟ್ಟೆಯ ತೇವ ಎಲ್ಲ ಸೇರಿ ತಣ್ಣನೆಯ ಗೋಡೆಯ ಮೇಲೆ ಕೂರುತ್ತದೆ. ಟೆಕ್ಸ್ಚರಿನ ತಗ್ಗುಗಳಲ್ಲಿ ಧೂಳಿರುತ್ತದೆ. ತೇವ ಮತ್ತು ಧೂಳು ಕೂಡಿದರೆ ಬೂಷ್ಟಿಗೆ ಮತ್ತೇನೂ ಬೇಡ. ಇದರಲ್ಲಿ ಬಣ್ಣದ ಕಂಪನಿಯ ತಪ್ಪು ಇರಲೇಬೇಕೆಂದಿಲ್ಲ.

ನಾದಿನಿಗೆ ಹೇಳಿ: ಈಗಿನ ಒಣ ಹವೆಯಲ್ಲಿ ಕಿಟಕಿ ತೆರೆದು ಗೋಡೆ ಪೂರ್ತಿ ಒಣಗಲಿ. ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬ್ರಷ್ಷಿನಿಂದ ಬೂಷ್ಟು ತೆಗೆಯಲಿ. ಬ್ಲೀಚ್ ಬಳಸುವುದಾದರೆ ಅದಕ್ಕೆ ಆಸಿಡ್ ಆಗಲಿ ಬೇರೆ ಕ್ಲೀನರ್ ಆಗಲಿ ಯಾವ ಕಾರಣಕ್ಕೂ ಬೆರೆಸದಿರಲಿ, ಅದರಿಂದ ಏಳುವ ಹೊಗೆ ವಿಷ. ಗೋಡೆ ಒಣಗಿದ ಮೇಲೂ ಬೂಷ್ಟು ಮರಳಿದರೆ ಎಲ್ಲಿಂದಲೋ ನೀರು ಬರುತ್ತಿದೆ ಎಂದೇ ಅರ್ಥ.

ಒಂದೇ ಗೋಡೆ ಸಾಕು ಎಂದದ್ದು ಯಾಕೆ

ನಿಮ್ಮೂರಿನಿಂದ ಹಳೇಬೀಡು ದೂರವಿಲ್ಲ. ಮಗನನ್ನು ಒಂದು ಬೆಳಗ್ಗೆ ಹೊಯ್ಸಳೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ. 1121ರ ಸುಮಾರಿಗೆ ಶುರುವಾದ ಆ ಗುಡಿಯ ಹೊರಗೋಡೆಯಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆಗಳ ಸಾಲು, ಅದರ ಮೇಲೆ ದೇವತೆಗಳ ಸಾಲು, ಬೆರಳಿಡಲು ಖಾಲಿ ಜಾಗವಿಲ್ಲ. ಎಳೆ ಬಿಸಿಲು ಓರೆಯಾಗಿ ಬೀಳುವಾಗ ಒಂದೊಂದು ಗೆರೆಗೂ ನೆರಳು ಹುಟ್ಟಿ ಕಲ್ಲು ಎದ್ದು ಬರುತ್ತದೆ. ನಡುಮಧ್ಯಾಹ್ನ ಅದೇ ಗೋಡೆ ಮಂಕು. ಆಮೇಲೆ ಹತ್ತಿರದಲ್ಲೇ ಇರುವ ಬಸದಿಹಳ್ಳಿಗೆ ಹೋಗಿ. 1133ರ ಪಾರ್ಶ್ವನಾಥ ಬಸದಿಯೊಳಗಿನ ಕಂಬಗಳನ್ನು ಮುಖ ಕಾಣುವಷ್ಟು ನುಣುಪಾಗಿ ಉಜ್ಜಿದ್ದಾರೆ. ಬೆಳಕು ಕಡಿಮೆಯಿರುವ ಒಳಗೆ ನುಣುಪು ಕಲ್ಲು, ಒಳಬಂದ ಸ್ವಲ್ಪ ಬೆಳಕನ್ನೇ ಹಿಡಿದು ಹಂಚುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲೂ ಜಾಲಂಧ್ರದಿಂದ ಸೋಸಿ ಬಂದ ಬೆಳಕಿನಲ್ಲಿ ನವರಂಗದ ತಿರುಗಣೆ ಕಂಬಗಳ ಹೊಳಪು ನೋಡಿ. ಒರಟಿಗೆ ಓರೆ ಬೆಳಕು ಬೇಕು, ಮಬ್ಬು ಕೋಣೆಗೆ ನುಣುಪು ಬೇಕು. ನಮ್ಮ ಜಿಲ್ಲೆಯ ಕಲ್ಲುಗಳು ಇದನ್ನು ಒಂಬೈನೂರು ವರ್ಷದಿಂದ ತೋರಿಸುತ್ತಿವೆ.

ನಿಮ್ಮ ಹಾಲ್‌ನಲ್ಲಿ ಈ ಮಾತನ್ನು ಒಂದು ಟಾರ್ಚಿನಿಂದ ಪರೀಕ್ಷಿಸಬಹುದು. ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಉದ್ದಕ್ಕೆ ಬೆಳಕು ಬಿಡಿ. ಅದೇ ಕಿಟಕಿಯಿಂದ ಬರುವ ಓರೆ ಬೆಳಕಿನ ಮಾದರಿ. ಕಿಟಕಿಯ ಪಕ್ಕದ ಗೋಡೆಯ ಮೇಲೆ ಟೆಕ್ಸ್ಚರ್ ಸುಮ್ಮನೆ ಚೆಲುವಾಗಿ ಕಾಣುತ್ತದೆ. ಕಿಟಕಿಗೆ ನೇರ ಎದುರಿನ ಗೋಡೆಯಲ್ಲಿ ಅದೇ ಹಣ ಹಾಕಿದರೂ ಸಪ್ಪೆ. ನಾಲ್ಕೂ ಗೋಡೆಗೆ ಮಾಡಿಸಿದರೆ ಕಣ್ಣು ನಿಲ್ಲಲು ತಾವಿರುವುದಿಲ್ಲ, ಕೋಣೆ ಚಿಕ್ಕದಾಗಿ, ಕತ್ತಲಾಗಿ ಕಾಣುತ್ತದೆ. ಒಂದು ಒರಟು ಗೋಡೆ ಎದ್ದು ಕಾಣಲು ಉಳಿದ ಮೂರು ನುಣುಪಾಗಿರಬೇಕು.

ಇನ್ನೊಂದು ಕಾರಣ, ಇದನ್ನು ಹಾಕುವುದು ಸುಲಭ, ತೆಗೆಯುವುದು ಕಷ್ಟ. ಬ್ರಿಟನ್ನಿನಲ್ಲಿ ಆರ್ಟೆಕ್ಸ್ ಎಂಬ ಒರಟು ಲೇಪವನ್ನು ಕಳೆದ ಶತಮಾನದಲ್ಲಿ ಲಕ್ಷಾಂತರ ಮನೆಗಳ ಚಾವಣಿಗೆ ಬಳಿದರು. ಅಮೆರಿಕದಲ್ಲಿ ಚಾವಣಿಗೆ ಅರಳಿನಂಥ ಲೇಪ ಸಿಂಪಡಿಸಿದರು. ಆ ಕಾಲದ ಹಲವು ಲೇಪಗಳಲ್ಲಿ ಆಸ್ಬೆಸ್ಟಾಸ್ ಬೆರೆತಿರುತ್ತಿತ್ತು. ಅಮೆರಿಕದಲ್ಲಿ ಆಸ್ಬೆಸ್ಟಾಸ್ ಬೆರೆತ ಇಂಥ ಲೇಪ ಸಿಂಪಡಿಸುವುದನ್ನು 1978ರಲ್ಲಿ ನಿಷೇಧಿಸಿದರು. ಇಂದು ಅಲ್ಲಿಯವರು ಅದನ್ನು ಕೆರೆಸಲು ಹೆಚ್ಚಿನ ಹಣ ತೆರುತ್ತಿದ್ದಾರೆ. ಈಗಿನ ನೀರಿನ ಬಣ್ಣಗಳು ಆ ಜಾತಿಯವಲ್ಲ, ಹೆದರಬೇಡಿ. ಆದರೆ ರುಚಿ ಬದಲಾಗುತ್ತದೆ, ಗೋಡೆ ಉಳಿಯುತ್ತದೆ ಎಂಬುದು ಮಗನ ಗಮನಕ್ಕೆ ಬರಲಿ. ಒಂದು ಗೋಡೆಯಾದರೆ ಹತ್ತು ವರ್ಷದ ಮೇಲೆ ಮನಸ್ಸು ಬದಲಾದರೂ ಪುಟ್ಟಿ ಎಳೆದು ಸಮ ಮಾಡಬಹುದು.

ಧೂಳು ಮತ್ತು ಅತ್ತೆಯವರ ಉಬ್ಬಸ

ಆಷಾಢದ ಗಾಳಿಗೆ ನಿಮ್ಮ ಕಡೆ ಏಳುವ ಧೂಳು ನನಗೆ ಗೊತ್ತು. ಉಬ್ಬಸವಿರುವವರ ಮನೆಯಲ್ಲಿ ಆಳವಾದ ಗೆರೆ, ಗುಳಿಗಳ ಮಾದರಿ ಬೇಡ. ಮೊದಲು ಹೇಳಿದ ಎರಡನೆಯ ಬಗೆಯನ್ನು, ಅಂದರೆ ಸ್ಪಂಜು, ಬಟ್ಟೆಯ ಒತ್ತಿನಿಂದ ಮೂಡಿಸುವ ಚಪ್ಪಟೆ ಮಾದರಿಯನ್ನು ಆರಿಸಿ. ನೋಟಕ್ಕೆ ಒರಟು, ಮುಟ್ಟಿದರೆ ಹೆಚ್ಚು ಕಡಿಮೆ ನುಣುಪು. ತೊಳೆಯಬಹುದಾದ ಎಮಲ್ಷನ್ ಆಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ತಡೆಯುತ್ತದೆ. ಮುದ್ದೆಯ ಟೆಕ್ಸ್ಚರೇ ಬೇಕೆಂದು ಮಗ ಹಟ ಮಾಡಿದರೆ ತೆಳು ರೋಲರಿನ ಮಾದರಿಗೆ ನಿಲ್ಲಿಸಿ. ಅದನ್ನು ಮೆತ್ತನೆಯ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಧೂಳು ಹೊಡೆಯಬೇಕು. ಒದ್ದೆ ಬಟ್ಟೆ ಎಳೆದರೆ ಧೂಳು ಕೆಸರಾಗಿ ತಗ್ಗಿನಲ್ಲಿ ಕೂರುತ್ತದೆ. ಅಡುಗೆಮನೆ, ದೀಪದ ಮಸಿ ಏರುವ ದೇವರ ಕೋಣೆ, ಮೈಕೈ ಉಜ್ಜುವ ಇಕ್ಕಟ್ಟು ಓಣಿಗಳಿಗೆ ಯಾವ ಬಗೆಯೂ ಬೇಡ.

ಅತ್ತೆಯವರಿಗೆ ಬಣ್ಣಕ್ಕಿಂತ ಅದರ ಮುಂಚಿನ ಕೆರೆತದ ಧೂಳೇ ಹೆಚ್ಚು ತೊಂದರೆ. ಪುಟ್ಟಿ ಉಜ್ಜುವ ದಿನಗಳಲ್ಲಿ ಅವರು ಬೂಷ್ಟಿಲ್ಲದ ನೆಂಟರ ಮನೆಯಲ್ಲಿ ಇದ್ದು ಬರಲಿ. ಬಾಗಿಲು ಕಿಟಕಿಯ ಹಳೆಯ ಎನಾಮೆಲ್ ಬಣ್ಣವನ್ನು ಒಣಗಿದ್ದಾಗ ಉಜ್ಜಿಸಬೇಡಿ, ನೀರು ಮುಟ್ಟಿಸಿ ಉಜ್ಜಿಸಿ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆಯಿದೆ. ಮನೆ ಬಣ್ಣಗಳಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂದು 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು, 2017ರ ನವೆಂಬರಿನಿಂದ ಜಾರಿಗೆ ಬಂತು. ಹೊಸ ಡಬ್ಬಿ ಕೊಳ್ಳುವಾಗ ಸೀಸದ ವಿಷಯ ಬರೆದಿರುವ ಲೇಬಲ್ ನೋಡಿಯೇ ಕೊಳ್ಳಿ.

ಪೇಂಟರ್ ಜೊತೆ ಮಾತಾಡುವಾಗ

ಕ್ಯಾಟಲಾಗಿನ ಬೆರಳಗಲ ಚಿತ್ರ ನೋಡಿ ಒಪ್ಪಬೇಡಿ. ಎರಡಡಿ ಚೌಕದ ಹಲಗೆಯ ಮೇಲೆ ಮಾದರಿ ಮಾಡಿಸಿ, ಅದನ್ನು ಆ ಗೋಡೆಗೇ ಒರಗಿಸಿ ಬೆಳಗ್ಗೆ, ಸಂಜೆ, ಟ್ಯೂಬ್‌ಲೈಟಿನಲ್ಲಿ ನೋಡಿ. ಒಪ್ಪಿದ ಹಲಗೆಯನ್ನು ಎಸೆಯಬೇಡಿ. ಮುಂದೆ ತೇಪೆ ಹಾಕುವ ಕೈಗೆ ಅದೇ ದಾರಿ ತೋರಿಸುತ್ತದೆ.

ಅಳತೆ ನೀವೇ ಮಾಡಿಟ್ಟುಕೊಳ್ಳಿ. 12 ಅಡಿ ಉದ್ದ, 10 ಅಡಿ ಎತ್ತರದ ಗೋಡೆ 120 ಚದರಡಿ. ಬಾಗಿಲು ಕಿಟಕಿ ಇದ್ದರೆ ಕಳೆಯಬೇಕೋ ಬೇಡವೋ ಎಂಬುದು ಮೊದಲೇ ಮಾತಾಗಲಿ. ದರ ಚದರಡಿಗೆಷ್ಟು, ಅದರಲ್ಲಿ ಪುಟ್ಟಿ, ಪ್ರೈಮರ್ ಸೇರಿದೆಯೇ, ಸಾಮಾನು ಯಾರದು ಎಂಬುದನ್ನು ಚೀಟಿಯಲ್ಲಿ ಬರೆಸಿ. ಹಣ ಮೂರು ಕಂತಿನಲ್ಲಿರಲಿ, ಕೊನೆಯ ಕಂತು ಗೋಡೆ ಒಣಗಿ ಬೆಳಕಿನಲ್ಲಿ ನೋಡಿದ ಮೇಲೆ.

ಕೆಲಸದ ದಿನ ಮೂರು ವಿಷಯ ಗಮನಿಸಿ. ಒಂದೇ ಬಣ್ಣದ ಡಬ್ಬಿಗಳನ್ನೆಲ್ಲ ದೊಡ್ಡ ಬಕೆಟ್ಟಿಗೆ ಸುರಿದು ಒಟ್ಟಿಗೆ ಕಲಸಿರಬೇಕು, ಇಲ್ಲದಿದ್ದರೆ ಡಬ್ಬಿಯಿಂದ ಡಬ್ಬಿಗೆ ಛಾಯೆ ಬದಲಾಗುತ್ತದೆ. ಇಬ್ಬರು ಜೊತೆಯಲ್ಲಿರಬೇಕು, ಒಬ್ಬ ಬಳಿಯುತ್ತಾ ಹೋದಂತೆ ಇನ್ನೊಬ್ಬ ಹಸಿಯಲ್ಲೇ ಮಾದರಿ ಎಬ್ಬಿಸಬೇಕು. ಗೋಡೆಯ ಮಧ್ಯದಲ್ಲಿ ಊಟಕ್ಕೆ ನಿಲ್ಲಿಸಿದರೆ ಅಲ್ಲಿ ಗೆರೆ ಉಳಿಯುತ್ತದೆ, ಮೂಲೆಯಲ್ಲೇ ನಿಲ್ಲಿಸಲಿ. ಫ್ಯಾನ್ ಜೋರಾಗಿ ಹಾಕಿ ಅವಸರದಲ್ಲಿ ಒಣಗಿಸಬಾರದು, ದಪ್ಪ ಪದರ ಮೇಲೆ ಮೇಲೆ ಒಣಗಿ ಬಿರಿಯುತ್ತದೆ.

ಮನೆಯವರಿಗೆ ಹೇಳುವ ಬಗೆ

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. "ಬೇಡ" ಎಂದು ಮಾತು ಶುರು ಮಾಡಬೇಡಿ. ಮಗ ತನ್ನ ದುಡಿಮೆಯಿಂದ ತಂಗಿಯ ಶುಭಕಾರ್ಯಕ್ಕೆ ಮನೆ ಚಂದ ಮಾಡಲು ಹೊರಟಿದ್ದಾನೆ. ಅದನ್ನು ಮೊದಲು ಬಾಯಿಬಿಟ್ಟು ಮೆಚ್ಚಿ. "ಯಾವ ಗೋಡೆ, ಯಾವ ಬಣ್ಣ ಎಂದು ನೀನೇ ಆರಿಸು, ಅದರ ಮುಂದೆಯೇ ಹುಡುಗ ಹುಡುಗಿಯನ್ನು ಕೂರಿಸೋಣ" ಎಂದು ಹೇಳಿ. ನಾಲ್ಕು ಗೋಡೆಗೆ ಹಂಚಿಹೋಗುತ್ತಿದ್ದ ಹಣ ಒಂದು ಗೋಡೆಗೆ ಬಿದ್ದರೆ ಒಳ್ಳೆಯ ಕೈಯ ಪೇಂಟರನ್ನೂ ಒಳ್ಳೆಯ ಬಣ್ಣವನ್ನೂ ತರಬಹುದು. ಉಳಿದದ್ದರಲ್ಲಿ ಬಚ್ಚಲು ದುರಸ್ತಿಯಾಗುತ್ತದೆ. ಆ ಜವಾಬ್ದಾರಿಯನ್ನು ಯಜಮಾನರಿಗೆ ವಹಿಸಿ. ಸುಮ್ಮನಿರುವ ಗಂಡಸರಲ್ಲಿ ಬಹಳ ಮಂದಿ ಇಂಥ ಕೆಲಸ ಕೈಗೆ ಬಂದಾಗ ಮನಸ್ಸಿಟ್ಟು ಮಾಡುತ್ತಾರೆ. ನಡುಮನೆಯ ಸುಣ್ಣದ ಹದಕ್ಕೆ ಅತ್ತೆಯವರ ಮಾತೇ ಕೊನೆಯ ಮಾತಾಗಲಿ.

"ಹಳೇ ಕಾಲದವಳು" ಎಂಬ ಮಾತಿಗೆ ನೊಂದುಕೊಳ್ಳಬೇಡಿ, ವಾದಿಸಲೂ ಬೇಡಿ. ಪ್ಲಾಸ್ಟಿಕ್ ಹಾಳೆ ಅಂಟಿಸುವುದು, ಟಾರ್ಚ್ ಬಿಟ್ಟು ನೋಡುವುದು, ಲೇಬಲ್ ಓದುವುದು, ಚೀಟಿ ಬರೆಸುವುದು – ಇಷ್ಟನ್ನು ಮಾಡುವವರನ್ನು ಯಾರೂ ಹಾಗೆ ಕರೆಯಲಾರರು. ಒರೆಸುವ ಕೈ ನಿಮ್ಮದು. ಮಾದರಿ ಹಲಗೆ ಬಂದ ದಿನ ಅದನ್ನು ಮೊದಲು ಮುಟ್ಟಿ ನೋಡಿ "ಇದು ಆಗುತ್ತೆ, ಇದು ಆಗಲ್ಲ" ಎಂದು ಹೇಳುವ ಹಕ್ಕೂ ನಿಮ್ಮದೇ. ಅದನ್ನು ಕೇಳಿ ಪಡೆಯಿರಿ.

ದಿನಗಳ ಲೆಕ್ಕ ಹೀಗಿರಲಿ. ಈ ವಾರವೇ ಹಾಳೆ ಅಂಟಿಸಿ ನೋಡಿ. ಮುಂದಿನ ವಾರ ಪ್ಲಂಬರ್ ಬರಲಿ. ಕಾರ್ತಿಕದೊಳಗೆ ಮಣ್ಣಿನ ಮೆತ್ತು, ಮಾರ್ಗಶಿರದಲ್ಲಿ ಸುಣ್ಣ ಮತ್ತು ಹಾಲ್‌ನ ಪುಟ್ಟಿ, ಪುಷ್ಯದ ಮೊದಲಲ್ಲಿ ಟೆಕ್ಸ್ಚರ್ ಮುಗಿಯಲಿ. ಹಾಗಾದರೆ ನೆಂಟರು ಬರುವ ಹೊತ್ತಿಗೆ ಬಣ್ಣದ ವಾಸನೆ ಪೂರ್ತಿ ಹೋಗಿರುತ್ತದೆ, ಅತ್ತೆಯವರೂ ನೆಮ್ಮದಿಯಾಗಿ ಹಾಲ್‌ನಲ್ಲೇ ಕೂರಬಹುದು. ನಿಶ್ಚಿತಾರ್ಥ ಮುಗಿದ ಮೇಲೆ ಪಶ್ಚಿಮದ ಗೋಡೆಯನ್ನು ಮಾತ್ರ ಮರೆಯಬೇಡಿ. ಸಂಭ್ರಮ ಕಳೆದ ಮೇಲೆ ಎಲ್ಲರೂ ಮರೆಯುವುದು ಅದನ್ನೇ. ಕೆತ್ತಿಸುವ ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ ಬೇಕಾದ ಹಣವನ್ನು ಟೆಕ್ಸ್ಚರಿನ ಹಣದಿಂದ ಮೊದಲೇ ತೆಗೆದಿಡಿ. ಮಗಳಿಗೆ ನನ್ನ ಶುಭ ಹಾರೈಕೆ.